ಓಕೆ ಒತ್ತಿ ಮುಂದೆ ಹೋಗುವವರು

ಯಲಹಂಕ ನ್ಯೂ ಟೌನಿನ ಬಾಡಿಗೆ ರೂಮಿನಲ್ಲಿ, ಸಹಕಾರನಗರದ ಫ್ಲ್ಯಾಟಿನಲ್ಲಿ, ಆರ್.ಟಿ. ನಗರದ ಮಹಡಿ ಮನೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಹೆಡ್‌ಸೆಟ್ ಹಾಕಿಕೊಂಡು ಕೂರುವವರಿಗೆ ಒಂದು ಪ್ರಶ್ನೆ. ಕಳೆದ ಸಲ ಗೇಮ್ ಕ್ರ್ಯಾಶ್ ಆದಾಗ ಪರದೆಯ ಮೇಲೆ ಏನು ಬರೆದಿತ್ತು?

ಉತ್ತರ ಗೊತ್ತಿರುವುದೇ. "ಏನೋ ಡೈರೆಕ್ಟ್‌ಎಕ್ಸ್ ಎರರ್ ಗುರು." ಏನೋ! ಕಂತಿನಲ್ಲಿ ತಂದ ಯಂತ್ರ ತನಗೇನಾಯಿತು ಎಂದು ಎರಡು ಸಾಲು ಬರೆದು ಮುಂದಿಟ್ಟಿದೆ. ಅದನ್ನು ಓದಲು, ಹೋಗಲಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಲು ನಿಮಗೆ ಪುರುಸೊತ್ತಿಲ್ಲ. ಓಕೆ ಒತ್ತಿದಿರಿ, ಮತ್ತೆ ಗೇಮ್ ತೆರೆದಿರಿ. ಅರ್ಧ ಗಂಟೆಗೆ ಅದು ಮತ್ತೆ ಬಿತ್ತು. ಮತ್ತೆ ಓಕೆ.

ಮುಂದಿನದೂ ಎಲ್ಲ ಮನೆಗಳಲ್ಲಿ ಒಂದೇ ತರಹ ನಡೆಯುತ್ತದೆ. ಮೊದಲು ನೆಟ್ ಮೇಲೆ ದೂರು. ನೆಟ್ ಹೋದರೆ ಗೇಮ್ ಒಳಗೇ ಇದ್ದು ಮರುಸಂಪರ್ಕಕ್ಕೆ ಒದ್ದಾಡುತ್ತೀರಿ, ಡೆಸ್ಕ್‌ಟಾಪಿಗೆ ಬಂದು ಬೀಳುವುದಿಲ್ಲ ಎಂಬಷ್ಟು ವ್ಯತ್ಯಾಸ ಇಷ್ಟು ವರ್ಷ ಆಡಿದವರಿಗೆ ಗೊತ್ತಿರಬೇಕಿತ್ತು. ಆಮೇಲೆ ಡ್ರೈವರ್ ತೆಗೆದು ಹಾಕುವುದು, ಗೇಮ್ ತೆಗೆದು ಹಾಕುವುದು, ಕೊನೆಗೆ ಪೂರ್ತಿ ವಿಂಡೋಸ್ ಫಾರ್ಮ್ಯಾಟ್. ಫಾರ್ಮ್ಯಾಟ್ ಮಾಡಿದ ಕ್ಷಣ ಅಷ್ಟು ದಿನದ ಲಾಗ್ ಪೂರ್ತಿ ಅಳಿಸಿಹೋಗುತ್ತದೆ. ಇದ್ದ ಒಂದೇ ಸಾಕ್ಷಿಯನ್ನು ನೀವೇ ಒರೆಸಿ ಹಾಕಿ, ವಾರದ ನಂತರ ಅದೇ ಕಾಟ ಶುರುವಾದಾಗ ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಎಂದು ತೀರ್ಪು ಕೊಟ್ಟು, ಹೊಸ ಕಾರ್ಡಿಗೆ ಇಎಂಐ ಹಾಕಿಸುತ್ತೀರಿ.

ಮೈ ಉರಿಯುವುದು ಇದನ್ನು ಮಾಡುವವರು ಯಾರು ಎಂದು ನೋಡಿದಾಗ. ಇವರಲ್ಲಿ ಎಷ್ಟೋ ಜನ ಹಗಲು ಹೊತ್ತು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು, ಸರ್ವರ್ ಐದು ನಿಮಿಷ ನಿಂತದ್ದಕ್ಕೆ ಪುಟಗಟ್ಟಲೆ ಆರ್‌ಸಿಎ, ಅಂದರೆ ಮೂಲಕಾರಣದ ವರದಿ, ಬರೆಯುವವರು. ಯಾವ ಸೆಕೆಂಡಿಗೆ ಏನಾಯಿತು, ಅದಕ್ಕೆ ಮೊದಲು ಏನು ಬದಲಾಗಿತ್ತು, ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂದು ಕಿರಿಯರನ್ನು ಕೂರಿಸಿಕೊಂಡು ಕೇಳುವವರು. ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆದದ್ದು ಈ ಬೆಂಗಳೂರಿನಲ್ಲೇ. ಎನ್‌ವಿಡಿಯಾದ ಎಂಜಿನಿಯರುಗಳೂ ಇಲ್ಲಿದ್ದಾರೆ. ಅಂಥ ಊರಿನ ಹುಡುಗ ಹೆಬ್ಬಾಳ ಫ್ಲೈಓವರ್ ದಾಟಿ ಮನೆ ಸೇರಿದೊಡನೆ "ರೀಸ್ಟಾರ್ಟ್ ಮಾಡಿ ನೋಡೋಣ ಬಿಡು" ಎನ್ನುತ್ತಾನೆ. ವಿದ್ಯೆ ಇಲ್ಲದೆ ಹೀಗಾಗುತ್ತಿದ್ದರೆ ಕ್ಷಮಿಸಬಹುದಿತ್ತು. ಇದು ಬರೀ ಉದಾಸೀನ.

ಪರದೆ ಕಪ್ಪಾಗಿ ಮರಳಿ ಬರುತ್ತದಲ್ಲ, ಅದರ ಹಿಂದೆ ನಡೆಯುವುದೇನೆಂದರೆ, ವಿಂಡೋಸ್ ಗ್ರಾಫಿಕ್ಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟು ಕಾಯುತ್ತದೆ. ಎರಡು ಸೆಕೆಂಡಿನಲ್ಲಿ ಕಾರ್ಡ್ ಓಗೊಡದಿದ್ದರೆ ಅದು ಸಿಕ್ಕಿಕೊಂಡಿದೆ ಎಂದು ತಿಳಿದು ರೀಸೆಟ್ ಮಾಡುತ್ತದೆ. ವಿಸ್ಟಾ ಕಾಲದಿಂದ ಇರುವ ಈ ಏರ್ಪಾಡಿಗೆ ಟಿಡಿಆರ್ ಎನ್ನುತ್ತಾರೆ. ರೀಸೆಟ್ ಆದಾಗ ಗೇಮ್ ಹಿಡಿದುಕೊಂಡಿದ್ದ ಕಾರ್ಡ್ ಅದರ ಕೈ ತಪ್ಪುತ್ತದೆ, ಹಾಗಾಗಿ ಗೇಮ್ 'ಡಿವೈಸ್ ರಿಮೂವ್ಡ್' ಎಂದು ಹೇಳಿ ಸಾಯುತ್ತದೆ. ಈಗ ಯಾರೋ ಗೆಳೆಯ ಹೇಳಿಕೊಟ್ಟ ಉಪಾಯ ಬರುತ್ತದೆ: ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡನ್ನು ಹತ್ತು ಮಾಡಿಬಿಡು. ಕಳ್ಳನನ್ನು ನೋಡಿ ಬೊಗಳಿದ ನಾಯಿಯ ಬಾಯಿ ಕಟ್ಟಿದ ಹಾಗೆ. ಕಾರ್ಡ್ ಯಾಕೆ ಓಗೊಡಲಿಲ್ಲ ಎಂಬುದು ಇದ್ದಲ್ಲೇ ಇದೆ; ಮೊದಲು ಎರಡು ಸೆಕೆಂಡ್ ಹೆಪ್ಪುಗಟ್ಟುತ್ತಿದ್ದ ಪರದೆ ಇನ್ನು ಹತ್ತು ಸೆಕೆಂಡ್ ಹೆಪ್ಪುಗಟ್ಟುತ್ತದೆ, ಅಷ್ಟೇ.

ಯಾಕೆ ಎಂಬುದರ ಸುಳಿವು ಯಂತ್ರದಲ್ಲೇ ಇರುತ್ತದೆ. ಸ್ಟಾರ್ಟ್ ಒತ್ತಿ ರಿಲಯಬಿಲಿಟಿ ಎಂದು ಟೈಪ್ ಮಾಡಿದರೆ ದಿನವಾರು ಕೆಂಪು ಗುರುತುಗಳ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. 'ಲೈವ್ ಕರ್ನಲ್ ಇವೆಂಟ್ 141' ಎಂದಿದ್ದರೆ ಕಾರ್ಡ್ ಹೊತ್ತಿಗೆ ಸರಿಯಾಗಿ ಉತ್ತರಿಸಲಿಲ್ಲ ಎಂದರ್ಥ. ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗಿನಲ್ಲಿ ಡಿಸ್‌ಪ್ಲೇ 4101 ಇದ್ದರೆ ಡ್ರೈವರ್ ಬಿದ್ದು ಎದ್ದಿದೆ. ಕರ್ನಲ್-ಪವರ್ 41 ಇದ್ದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಆರಿದೆ ಅಥವಾ ಪೂರ್ತಿ ನಿಂತುಹೋಗಿದೆ. ಅದರ ಜೊತೆ ನೀಲಿ ಪರದೆಯ ಕೋಡ್ ಇಲ್ಲದೆ ಬರೀ ಸೊನ್ನೆ ಇದ್ದರೆ ಕರೆಂಟಿನ ಕಡೆ ಮೊದಲು ನೋಡಬೇಕು. ವೀಯಾ-ಲಾಗರ್ ಎಂಬ ಹೆಸರು ಕಂಡರೆ ಹಾರ್ಡ್‌ವೇರೇ ತಪ್ಪೊಪ್ಪಿಕೊಂಡಂತೆ. ಅಲ್ಲಿ ಎಷ್ಟೋ ಸಲ ಪ್ರೊಸೆಸರಿನ ಹೆಸರೇ ಇರುತ್ತದೆ. ಇಷ್ಟು ಓದಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ಲಾಗ್ ಓದದೆ ಪರದೆಯ ಸಂದೇಶವನ್ನಷ್ಟೇ ನಂಬಿದವರು ಎಂಥ ಹಳ್ಳಕ್ಕೆ ಬಿದ್ದರು ಎಂಬುದಕ್ಕೆ 2024 ಸಾಕ್ಷಿ. ಅನ್‌ರಿಯಲ್ ಎಂಜಿನ್ನಿನ ಗೇಮ್‌ಗಳು ಜಗತ್ತಿನಾದ್ಯಂತ 'ಔಟ್ ಆಫ್ ವಿಡಿಯೊ ಮೆಮೊರಿ' ಎಂದು ಕೂಗಿ ಬೀಳತೊಡಗಿದವು. ಸಂದೇಶ ಗ್ರಾಫಿಕ್ಸ್ ಕಾರ್ಡಿನತ್ತ ಬೆರಳು ತೋರಿಸುತ್ತಿತ್ತು, ಜನ ಕಾರ್ಡನ್ನೇ ಬೈದರು. ತಪ್ಪು ಇದ್ದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರಿನಲ್ಲಿ. ಅವು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಒಳಗೊಳಗೇ ಸವೆಯುತ್ತಿದ್ದವು. ಜುಲೈನಲ್ಲಿ ಕಂಪನಿ ಒಪ್ಪಿಕೊಂಡಿತು, ಆಗಸ್ಟಿನಲ್ಲಿ 0x129, ಸೆಪ್ಟೆಂಬರಿನಲ್ಲಿ 0x12B ಎಂಬ ಮೈಕ್ರೊಕೋಡ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಈ ತಿದ್ದುಪಡಿ ಬರುವುದು ಬಯಾಸ್ ಅಪ್‌ಡೇಟ್ ಮೂಲಕ, ಮತ್ತು ಆಗಲೇ ಸವೆದ ಚಿಪ್ಪನ್ನು ಅದು ಸರಿಮಾಡುವುದಿಲ್ಲ. ಅಸೆಂಬಲ್ ಮಾಡಿಸಿ ತಂದ ದಿನದ ಬಯಾಸ್‌ನಲ್ಲೇ ಇಂದಿಗೂ ಅಂಥ ಪ್ರೊಸೆಸರ್ ಓಡಿಸುತ್ತಿರುವವರು, ಪ್ರತಿ ರಾತ್ರಿ ಅದನ್ನು ಇನ್ನಷ್ಟು ಸವೆಸುತ್ತಾ, ಹಗಲು ಹೊಸ ಗ್ರಾಫಿಕ್ಸ್ ಕಾರ್ಡಿನ ಬೆಲೆ ನೋಡುತ್ತಿರುತ್ತಾರೆ.

ಡ್ರೈವರ್ ತಪ್ಪೇ ಇಲ್ಲವೆಂದಲ್ಲ. 2025ರ ಆರಂಭದಲ್ಲಿ ಎನ್‌ವಿಡಿಯಾ ಬಿಟ್ಟ 572 ಸರಣಿಯ ಡ್ರೈವರುಗಳು ಎಷ್ಟೋ ಜನರ ಪರದೆಯನ್ನು ಕಪ್ಪಾಗಿಸಿದವು, ಏಪ್ರಿಲ್‌ನ 576.02ರಲ್ಲಿ ರಿಪೇರಿಗಳ ಪಟ್ಟಿಯೇ ಉದ್ದಕ್ಕಿತ್ತು. ಆಗ ಹಳೆಯ ಆವೃತ್ತಿಗೆ ಮರಳಿದವರು ಬಚಾವಾದರು. ಮರಳಬೇಕಾದರೆ ಎಲ್ಲಿದ್ದೆವು ಎಂದು ಗೊತ್ತಿರಬೇಕು. ಯಾವ ಡ್ರೈವರ್ ಹಾಕಿದ್ದೀರಿ ಎಂದರೆ ಬರುವ ಉತ್ತರ "ಲೇಟೆಸ್ಟು". ಯಾವಾಗಿನ ಲೇಟೆಸ್ಟು? ಹಾಕಿದ ದಿನಾಂಕವೇನು? ಕ್ರ್ಯಾಶ್ ಅದಕ್ಕೆ ಮೊದಲು ಶುರುವಾಯಿತೋ ಆಮೇಲೋ? ಮ್ಯಾಚ್ ಇರುವ ಸಂಜೆಯೇ ಅಪ್‌ಡೇಟ್ ಬಟನ್ ಒತ್ತುವ ಚಪಲ ಬೇರೆ.

ಇನ್ನು ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆಯೋಣ. ಸಾಮಾನ್ಯವಾಗಿ ನಾಚಿಕೆಪಡಬೇಕಾದ ಸಂಗತಿಗಳೆಲ್ಲ ಇಲ್ಲೇ ಇರುತ್ತವೆ. ಕಾರ್ಡಿಗೆ ದುಡ್ಡು ಸುರಿದು ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಹೊತ್ತಿಗೆ ಕೈ ಬಿಗಿಹಿಡಿದಿರುತ್ತಾರೆ. ಎಸ್.ಪಿ. ರೋಡಿನಲ್ಲಿ "ಇದು ಸಾಕು ಸಾರ್, ಐನೂರು ವ್ಯಾಟ್" ಎಂದು ಕೊಟ್ಟ, ಒಂದು ಕೈಯಲ್ಲಿ ಎತ್ತಿದರೆ ಖಾಲಿ ಡಬ್ಬಿ ಎನಿಸುವ ಹಗುರ ಪೆಟ್ಟಿಗೆ. ಅದರ ಮೈಮೇಲಿನ ಚೀಟಿಯಲ್ಲಿ 12 ವೋಲ್ಟ್ ಎಂಬ ಕಾಲಂ ಇರುತ್ತದೆ, ಅದರ ಕೆಳಗೆ ಆಂಪಿಯರ್. ಅಲ್ಲಿ 18 ಎಂದಿದ್ದರೆ ಲೆಕ್ಕ ಹಾಕಿ: 216 ವ್ಯಾಟ್. ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ಕೇಳುತ್ತದೆ. ಪ್ರೊಸೆಸರ್, ಫ್ಯಾನ್, ಡಿಸ್ಕ್ ಸೇರಿ ಇನ್ನೊಂದು ನೂರು. ಅದೂ ಸರಾಸರಿ ಮಾತು. ಸ್ಫೋಟದ ದೃಶ್ಯ ಬಂದ ಕ್ಷಣ ಕಾರ್ಡ್ ಕಣ್ಣೆವೆ ಮುಚ್ಚುವುದರೊಳಗೆ ಸರಾಸರಿಗಿಂತ ಎಷ್ಟೋ ಹೆಚ್ಚು ಎಳೆದುಕೊಳ್ಳುತ್ತದೆ. ಕ್ರ್ಯಾಶ್ ಆಗುವುದು ಆ ಗಳಿಗೆಯಲ್ಲೇ.

ಕಾರ್ಡಿಗೆ ಹೋಗುವ ಕೇಬಲ್ಲನ್ನೂ ನೋಡಿ. ಎರಡು ಎಂಟು-ಪಿನ್ ಬಾಯಿ ಇರುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಎರಡು ಕೇಬಲ್ ಬರಬೇಕು. ಒಂದೊಂದು ಬಾಯಿಯ ಪಾಲು 150 ವ್ಯಾಟ್. ಅಸೆಂಬಲ್ ಮಾಡಿದವನು ಒಂದೇ ಕೇಬಲ್ಲಿನ ತುದಿಯ ಎರಡು ತಲೆಗಳನ್ನು ಸಿಕ್ಕಿಸಿ, ಜಿಪ್ ಟೈ ಕಟ್ಟಿ ಅಂದವಾಗಿ ಮುಚ್ಚಿರುತ್ತಾನೆ. ಗಾಜಿನ ಬಾಗಿಲಿನ ಹಿಂದೆ ಏಳು ಬಣ್ಣದ ದೀಪ ಮಿನುಗುವುದನ್ನು ವರ್ಷಗಟ್ಟಲೆ ನೋಡಿದ್ದೀರಿ, ಆ ದೀಪದ ಬೆಳಕಿನಲ್ಲೇ ಕಾಣುವ ಕೇಬಲ್ ಕಂಡಿಲ್ಲ. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಹದಿನಾರು ಪಿನ್ನಿನ ಕನೆಕ್ಟರ್ ಕರಗಿದ ಸುದ್ದಿ ಬಂತು. ಪೂರ್ತಿ ಒಳಗೆ ಕೂರದ ಪ್ಲಗ್ ಮುಖ್ಯ ಕಾರಣವೆಂದು ಎನ್‌ವಿಡಿಯಾ ಹೇಳಿತು. ವಿನ್ಯಾಸವೂ ಅಷ್ಟೇನು ಉದಾರವಾಗಿರಲಿಲ್ಲ, ಆ ಮಾತು ಬೇರೆ. ಪ್ಲಗ್ ಒತ್ತಿ ನೋಡುವ ಕೆಲಸ ಮಾತ್ರ ನಿಮ್ಮದೇ.

ಗೋಡೆಯ ಸಾಕೆಟ್ಟಿಗೆ ಬನ್ನಿ. ರಾತ್ರಿ ಬರಿಗಾಲಲ್ಲಿ ಕೂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೆ? ಅದಕ್ಕೂ "ಚಪ್ಪಲಿ ಹಾಕ್ಕೊಂಡ್ರೆ ಆಯ್ತು" ಎಂಬ ಪರಿಹಾರ ಹುಡುಕಿಕೊಂಡಿದ್ದೀರಿ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ತುಸು ಕರೆಂಟನ್ನು ಭೂಮಿಗೆ ಇಳಿಸಬೇಕು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230 ವೋಲ್ಟಿನ ಸುಮಾರು ಅರ್ಧದಲ್ಲಿ ತೇಲುತ್ತಿರುತ್ತದೆ. ಮೂರನೇ ಮಹಡಿಯ ಮೇಲೆ ಆಮೇಲೆ ಕಟ್ಟಿದ ರೂಮುಗಳಿಗೆ ಅರ್ಥ್ ವೈರ್ ಎಳೆದೇ ಇರುವುದಿಲ್ಲ. ಸಾಕೆಟ್ಟಿನ ಮೂರನೇ ತೂತು ಅಲಂಕಾರಕ್ಕೆ. ಅರ್ಥಿಂಗ್ ಇಲ್ಲದ್ದರಿಂದಲೇ ಗೇಮ್ ಬೀಳುತ್ತದೆ ಎಂದು ಹೇಳಲಾರೆ, ಆದರೆ ನೀವು ನಂಬಿಕೊಂಡಿರುವ ಸ್ಪೈಕ್ ಗಾರ್ಡ್ ಅರ್ಧ ಕೆಲಸ ಮಾಡುವುದೇ ಆ ವೈರಿನ ಬಲದಲ್ಲಿ. ಎಲೆಕ್ಟ್ರಿಷಿಯನ್ ಕರೆದು ಮೀಟರ್ ಇಡಿಸಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಹತ್ತಾರು ವೋಲ್ಟ್ ತೋರಿಸಿದರೆ ಓನರ್ ಬಾಗಿಲು ತಟ್ಟಿ. ಅರ್ಥ್ ಪಿಟ್ಟಿಗೆ ಬೇಸಿಗೆಯಲ್ಲಿ ನಾಲ್ಕು ಬಿಂದಿಗೆ ನೀರು ಹಾಕುವ ಕೆಲಸವನ್ನು ಅವರೂ ಮರೆತಿರುತ್ತಾರೆ.

ಮೇ ತಿಂಗಳ ಮಳೆಗೆ ಬೆಸ್ಕಾಂ ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಎತ್ತಿಕೊಳ್ಳುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಇದನ್ನೂ ಕಾರ್ಡಿನ ಲೆಕ್ಕಕ್ಕೆ ಬರೆಯುವವರಿದ್ದಾರೆ. ಫ್ಯಾನು, ಲೈಟಿಗೆಂದು ತಂದ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಗಳಿಗೆ ಉದ್ದ; ಫ್ಯಾನ್ ಅದನ್ನು ಗಮನಿಸುವುದೂ ಇಲ್ಲ, ಕಂಪ್ಯೂಟರ್ ತಾಳುವುದಿಲ್ಲ. ಹಲವು ಇನ್ವರ್ಟರುಗಳ ಹಿಂದೆ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ ಇರುತ್ತದೆ, ತಂದ ದಿನದಿಂದ ಯಾರೂ ಮುಟ್ಟಿರುವುದಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಅದರ ಮೇಲೆ ಒಳ್ಳೆಯ ಎಸ್‌ಎಂಪಿಎಸ್ ಇಟ್ಟು ಗೇಮ್ ಆಡುವ ಆಸೆಯನ್ನೇ ಬಿಡಿ.

ಬೆಂಗಳೂರು ತಂಪು ಊರು ಎಂಬ ಭ್ರಮೆ ಬೇರೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಬಳ್ಳಾರಿ ರಸ್ತೆಯ ಮೆಟ್ರೊ ಕೆಲಸದ ಧೂಳು ಕಿಟಕಿಯಿಂದ ಬಂದು ಕಾರ್ಡಿನ ರೆಕ್ಕೆಗಳ ನಡುವೆ ಬೂದು ಕಂಬಳಿ ಹೊದಿಸಿದೆ. ಕ್ಯಾಬಿನೆಟ್ ಮಾತ್ರ ಅದೇ ಕಿಟಕಿಯ ಕೆಳಗೆ, ನೆಲದ ಮೇಲೆ, ಗೋಡೆಗೆ ಅಂಟಿಕೊಂಡೇ ಇರುತ್ತದೆ. ಅಷ್ಟಾದರೂ ಮುನ್ನೂರು ಎಫ್‌ಪಿಎಸ್ ಬರುತ್ತದೆಂದು ಜಂಬ. ಮಾನಿಟರ್ ತೋರಿಸುವುದು 144. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಬೀಟಾ ಆಡಿದ ಕೆಲವರ ಇವಿಜಿಎ 3090 ಕಾರ್ಡುಗಳು ಸತ್ತೇಹೋದವು. ಬೆಸುಗೆಯ ದೋಷ ಕಾರ್ಡಿನದು ಎಂದು ಇವಿಜಿಎ ಒಪ್ಪಿತು. ಅಮೆಜಾನ್ ತನ್ನ ಮೆನು ಪರದೆಯಲ್ಲಿ ಎಫ್‌ಪಿಎಸ್‌ಗೆ ಮಿತಿ ಹಾಕಿತು. ಆ ಮಿತಿ ನಿಮ್ಮ ಸೆಟಿಂಗ್ಸಿನಲ್ಲೂ ಇದೆ. ಓವರ್‌ಕ್ಲಾಕ್ ಹಾಕಿಕೊಂಡವರು ಅದನ್ನು ತೆಗೆಯದೆ, ರ್‍ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿಯನ್ನು ಒಮ್ಮೆ ಆಫ್ ಮಾಡಿ ನೋಡದೆ ಬೇರೆ ಯಾರನ್ನೂ ದೂರುವ ಹಕ್ಕು ಪಡೆಯುವುದಿಲ್ಲ.

ನನ್ನ ಕಂಪ್ಯೂಟರ್, ನನ್ನ ಕಷ್ಟ ಎನ್ನಬೇಡಿ. ವ್ಯಾಲೊರಂಟ್‌ನಲ್ಲಿ ನೀವು ಬಿದ್ದಾಗ ಉಳಿದ ನಾಲ್ವರು ಐವರ ಎದುರು ಆಡುತ್ತಾರೆ. ಕ್ರ್ಯಾಶ್ ಆಗುತ್ತದೆಂದು ತಿಳಿದೂ ರ್‍ಯಾಂಕ್ಡ್ ಒತ್ತುವವನಿಗೆ ಗೇಮ್ ಹಾಕುವ ದಂಡ ಕಡಿಮೆಯೇ ಆಯಿತು.

ಕಡೆಗೂ ಕಾರ್ಡೇ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ "ಕ್ರ್ಯಾಶ್ ಆಗುತ್ತೆ ಸಾರ್" ಎಂದಷ್ಟೇ ಹೇಳಿದರೆ, ಅವರು ಹತ್ತು ನಿಮಿಷ ಓಡಿಸಿ, ಏನೂ ದೋಷವಿಲ್ಲ ಎಂದು ವಾಪಸ್ ಕೊಡುತ್ತಾರೆ. ದಿನಾಂಕ, ಇವೆಂಟ್ ನಂಬರ್, ಬೇರೆ ಎಸ್‌ಎಂಪಿಎಸ್‌ನಲ್ಲೂ ಹೀಗೇ ಆಯಿತು ಎಂಬ ಮಾತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದವನನ್ನು ಹಾಗೆ ಸಾಗಹಾಕುವುದು ಕಷ್ಟ. ಆ ಹಾಳೆಗೂ ಮೊದಲು ಅವರು ಕೇಳುವುದು ಬಿಲ್. ಕೊಳ್ಳುವಾಗ "ಬಿಲ್ ಬೇಕಾ? ಬೇಕಂದ್ರೆ ಜಿಎಸ್‌ಟಿ ಸೇರುತ್ತೆ" ಎಂದಾಗ, 18 ಪರ್ಸೆಂಟ್ ಉಳಿಯಿತೆಂದು ತಲೆಯಾಡಿಸಿ ಬಂದಿರಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅನುಚಿತ ವ್ಯಾಪಾರ ಎಂದೇ ಹೆಸರಿಸಿದೆ, ದೂರಲು 1915 ಸಹಾಯವಾಣಿಯೂ ಇದೆ. ಬೇಡ ಎಂದವರು ನೀವೇ ಆಗಿದ್ದರೆ, ಆ ಫೋನಿನಲ್ಲಿ ಏನೆಂದು ಹೇಳುತ್ತೀರಿ?