ಅಪ್ಪನ ಹುಬ್ಬಿನ ಎರಡು ಪಿಕ್ಸೆಲ್

2025ರ ಮಾರ್ಚ್ ನೆನಪಿದೆಯಾ? ಒಂದೇ ವಾರದಲ್ಲಿ ಎಲ್ಲರ ವಾಟ್ಸಾಪ್ ಡಿಪಿಯೂ ಜಪಾನಿನ ಜಿಬ್ಲಿ ಸ್ಟುಡಿಯೋದ ಸಿನಿಮಾ ಪಾತ್ರದ ಥರ ಆಗಿಬಿಟ್ಟಿತ್ತು. ನಾನೂ ಮಾಡಿಕೊಂಡೆ, ನಮ್ಮ ಮ್ಯಾನೇಜರೂ ಮಾಡಿಕೊಂಡರು. ಅವರ ಮುಖದಲ್ಲಿ ದಯೆ ಕಾಣಿಸಿದ್ದು ಅದೇ ಮೊದಲು.

ಪಿತೃಪಕ್ಷದ ಹೊತ್ತಿಗೆ ಆ ತಮಾಷೆ ನನಗೆ ನಿಜವಾದ ಕೆಲಸವಾಗಿ ಬಂತು. ನಮ್ಮೂರು ಭಾರತೀನಗರ. ಹಾಗೆಂದರೆ ಗೊತ್ತಾಗದವರಿಗೆ ಕೆ.ಎಂ. ದೊಡ್ಡಿ. ಅಪ್ಪ ತೀರಿಕೊಂಡ ಮೇಲೆ ಮೊದಲ ಎಡೆ. ಇಡೋಕೆ ಒಂದು ಒಳ್ಳೆ ಫೋಟೋ ಇಲ್ಲ. ಇದ್ದದ್ದು ಒಂದೇ, ಯಾರದೋ ಮದುವೆಯ ಗ್ರೂಪ್ ಫೋಟೋ. ಮೂರನೇ ಸಾಲಲ್ಲಿ ಅಪ್ಪ. ಸ್ಟುಡಿಯೋದವನು ದೊಡ್ಡದು ಮಾಡಿ ನೋಡಿ, 'ಒಡೆದು ಹೋಗುತ್ತೆ ಸಾರ್, ಮುಖ ಪೂರ್ತಿ ಚೌಕ ಚೌಕ ಬರುತ್ತೆ' ಅಂದ. ಆಗ ಹೊಳೀತು: ಪೇಂಟಿಂಗ್ ಥರ ಮಾಡಿದರೆ ವಿವರ ಕಮ್ಮಿ ಇರೋದು ತಪ್ಪು ಅನ್ನಿಸಲ್ಲ, ಶೈಲಿ ಅನ್ನಿಸುತ್ತೆ.

ಮೊದಲು ಎಐ ಆ್ಯಪ್‌ಗೆ ಕೊಟ್ಟೆ. ಹತ್ತು ಸೆಕೆಂಡಲ್ಲಿ ಚಂದದ ಚಿತ್ರ ಬಂತು. ಅವ್ವ ಕನ್ನಡಕ ಹಾಕಿಕೊಂಡು ನೋಡಿ ಕೇಳಿದ್ಲು, 'ಇದ್ಯಾರ್ಲಾ ಮಗ?'

ಅವಳ ತಪ್ಪಿಲ್ಲ. ಇಂಥ ಮಾಡೆಲ್‌ಗಳು ಫೋಟೋದ ಮೇಲೆ ಬಣ್ಣ ಹಚ್ಚುವುದಿಲ್ಲ. ಫೋಟೋ ನೋಡಿ, ತಾವು ಕಲಿತ ಸಾವಿರಾರು ಮುಖಗಳ ನೆನಪಲ್ಲಿ ಹೊಸದೇ ಒಂದು ಚಿತ್ರ ಬರೆಯುತ್ತವೆ. ಮಸುಕಾದ ಕಡೆ ತಮಗೆ ತೋಚಿದ್ದನ್ನು ತುಂಬುತ್ತವೆ.

ಸರಿ, ನಾನೇ ಕೋಡ್ ಬರೀತೀನಿ ಅಂತ ಕೂತೆ. ಕುವಹಾರಾ ಫಿಲ್ಟರ್ ಅಂತ ಒಂದಿದೆ. 1976ರಲ್ಲಿ ಹೃದಯದ ವೈದ್ಯಕೀಯ ಚಿತ್ರಗಳನ್ನು ಸ್ವಚ್ಛ ಮಾಡೋಕೆ ಬಂದದ್ದು, ಈಗ ಫೋಟೋಗೆ ಪೇಂಟಿಂಗ್ ಕಳೆ ಕೊಡೋಕೆ ಬಳಸ್ತಾರೆ. ಲೆಕ್ಕ ಸುಲಭ. ಪ್ರತಿ ಪಿಕ್ಸೆಲ್ ಸುತ್ತ ನಾಲ್ಕು ಪುಟ್ಟ ಚೌಕ ತಗೊಳ್ಳುತ್ತೆ. ಯಾವ ಚೌಕದಲ್ಲಿ ಬಣ್ಣದ ಏರುಪೇರು ಕಮ್ಮಿಯೋ ಅದರ ಸರಾಸರಿ ಬಣ್ಣವನ್ನು ಆ ಪಿಕ್ಸೆಲ್‌ಗೆ ಕೊಡುತ್ತೆ. ಹಾಗಾಗಿ ಮೂಗು, ಗದ್ದದ ಅಂಚು ಉಳಿಯುತ್ತೆ, ಒಳಗಿನ ಗೀರು ಕಲೆಗಳೆಲ್ಲ ನುಣ್ಣಗಾಗುತ್ತೆ. ಕುಂಚದಲ್ಲಿ ಬಳಿದ ಹಾಗೆ ಕಾಣುತ್ತೆ.

ಈ ಸಲ ಅವ್ವ ಹೌದು ಅಂದಳು. ಅರೆಗಳಿಗೆ ಬಿಟ್ಟು, 'ಹುಬ್ಬಿನ್ ಮ್ಯಾಲೆ ಗಾಯ ಇತ್ತಲ್ಲ, ಎಲ್ಲೋಯ್ತು?'

ಕಬ್ಬು ಕಡಿಯುವಾಗ ಮಚ್ಚು ಜಾರಿ ಆದ ಗಾಯ ಅದು. ಮೂಲ ಫೋಟೋದಲ್ಲಿ ಎರಡೇ ಪಿಕ್ಸೆಲ್ ಅಗಲ. ಗಾಯ ಅಂದರೆ ಏರುಪೇರು ತಾನೇ, ಫಿಲ್ಟರ್‌ಗೆ ಬೇಡವಾದದ್ದೇ ಅದು. ಸುತ್ತಲಿನ ಚರ್ಮದ ಸರಾಸರಿಯಲ್ಲಿ ಕರಗಿಹೋಗಿತ್ತು.

ಹಾಗಂತ ಕೈಯಲ್ಲಿ ಬರೆದದ್ದೆಲ್ಲ ನಿಜ, ಕಂಪ್ಯೂಟರ್‌ದು ಸುಳ್ಳು ಅನ್ನೋ ಮಾತಿಗೆ ನಾನು ಒಪ್ಪಲ್ಲ. ನಮ್ಮ ನಡುಮನೆಯಲ್ಲಿ ತಾತನ ಚಿತ್ರ ಇದೆ, ಕಪ್ಪು-ಬಿಳುಪು ಫೋಟೋಗೆ ಹಿಂದೆ ಸ್ಟುಡಿಯೋದವರು ಕೈಯಲ್ಲೇ ಬಣ್ಣ ಹಚ್ಚಿದ್ದು. ಅದರಲ್ಲಿ ತಾತ ಕೋಟು ಹಾಕಿದ್ದಾರೆ. ಜೀವಮಾನದಲ್ಲಿ ಕೋಟು ಮುಟ್ಟಿದವರಲ್ಲ! ಆದರೆ ಆ ಕೋಟು ಕೇಳಿ ಹಾಕಿಸಿದ್ದು ಮನೆಯವರೇ. ಇಲ್ಲಿ ಗಾಯ ಅಳಿಸು ಅಂತ ಯಾರೂ ಕೇಳಿರಲಿಲ್ಲ.

ಆಮೇಲೆ 1998ರಲ್ಲಿ ಆರನ್ ಹರ್ಟ್ಜ್‌ಮನ್ ಬರೆದ ವಿಧಾನ ನೋಡಿದೆ. ಮೊದಲು ದಪ್ಪ ಕುಂಚದಲ್ಲಿ ಇಡೀ ಚಿತ್ರ ಬಳಿದು, ಫೋಟೋಗೂ ಅದಕ್ಕೂ ಎಲ್ಲಿ ವ್ಯತ್ಯಾಸ ಜಾಸ್ತಿಯೋ ಅಲ್ಲಿ ಮಾತ್ರ ಸಣ್ಣ ಕುಂಚ ಹಾಕುವುದು. ಜಾಣತನದ ಉಪಾಯ. ಆದರೆ ಅದು ಅಪ್ಪನ ಹಿಂದಿದ್ದ ಶಾಮಿಯಾನದ ಝರಿಗೆ ಸಣ್ಣ ಕುಂಚವನ್ನೆಲ್ಲ ಖರ್ಚು ಮಾಡಿತು. ಬಣ್ಣದ ವ್ಯತ್ಯಾಸ ಅಲ್ಲೇ ಜಾಸ್ತಿ ಇತ್ತಲ್ಲ.

ಕೊನೆಗೆ ಕೈಹಿಡಿದದ್ದು ಅದಕ್ಕೂ ಹಳೆಯದು. 1990ರಲ್ಲಿ ಪಾಲ್ ಹೇಬರ್ಲಿ ತೋರಿಸಿದ್ದ ಪ್ರೋಗ್ರಾಮ್‌ನಲ್ಲಿ ಬಣ್ಣ ಫೋಟೋದ್ದು, ಕೈ ಮನುಷ್ಯನದು. ಮೌಸ್ ಎಲ್ಲಿ ಆಡಿಸುತ್ತೀರೋ ಅಲ್ಲಿನ ಬಣ್ಣ ಎತ್ತಿಕೊಂಡು ಒಂದೊಂದು ಕುಂಚದ ಗೆರೆ ಎಳೆಯುತ್ತೆ. ಅದನ್ನೇ ಮೊಬೈಲ್‌ಗೆ ಬರೆದೆ. ಬೆರಳಿಂದ ಉಜ್ಜಿದಷ್ಟೂ ಅಲ್ಲಿ ಕುಂಚ ಸಣ್ಣದಾಗುತ್ತಾ ಹೋಗಬೇಕು, ಅಷ್ಟೇ. ಎರಡು ರಾತ್ರಿಯ ಕೆಲಸ.

ಅವ್ವನ ಕೈಗೆ ಕೊಟ್ಟೆ. ಮೊದಮೊದಲು ಹೆದರಿದಳು, ಕೆಟ್ಟೋಯ್ತದೆ ಅಂತ. ಆಮೇಲೆ ಹುಬ್ಬು ಉಜ್ಜಿದಳು. ಗಾಯ ಬಂತು. ಕಿವಿ, ಕೂದಲು ಎಲ್ಲ ದಪ್ಪ ಕುಂಚದಲ್ಲೇ ಬಿಟ್ಟು ನೇರ ಅಂಗಿ ಜೇಬಿಗೆ ಹೋದಳು. ಉಜ್ಜಿದಳು, ಉಜ್ಜುತ್ತಲೇ ಇದ್ದಳು.

'ಅಲ್ಲೇನವ್ವ ಇದೆ?'

'ಫ್ಯಾಕ್ಟ್ರಿ ಚೀಟಿ. ಕಬ್ಬು ತೂಕ ಹಾಕ್ಸಿ ಸೀದಾ ಮದ್ವೆಗೆ ಬಂದಿದ್ರು. ಎಲ್ಲಿ ಕಳ್ದೋಯ್ತದೋ ಅಂತ ಊಟಕ್ಕೆ ಕೂತಾಗ್ಲೂ ಜೇಬು ಮುಟ್ಕೊತಿದ್ರು.'

ಝೂಮ್ ಮಾಡಿದೆ. ನಾಲ್ಕೈದು ಬಿಳಿ ಪಿಕ್ಸೆಲ್. ಎಷ್ಟು ಉಜ್ಜಿದರೂ ಅದು ಚೀಟಿ ಆಗಲ್ಲ, ಫೋಟೋದಲ್ಲೇ ಇಲ್ಲವಲ್ಲ. ಅದನ್ನು ಅವ್ವನಿಗೆ ಹೇಳಲಿಲ್ಲ. ಕೊನೆಗೆ ಒಂದು ಬಿಳಿ ಗೆರೆಯಾಗಿ ಉಳಿಯಿತು. ಅವಳಿಗೆ ಸಾಕಾಯಿತು.

ಎಡೆ ದಿನ ಬಂದ ನೆಂಟರೆಲ್ಲ 'ಯಾವ ಆರ್ಟಿಸ್ಟ್ ಮಾಡಿದ್ದು?' ಅಂದರು. ಅವ್ವ ಒಡೆ ಬಡಿಸುತ್ತಾ ಸುಮ್ಮನಿದ್ದಳು. ಈಗ ಚಿಕ್ಕಪ್ಪ ಅಜ್ಜಿಯ ಹಳೇ ರೇಷನ್ ಕಾರ್ಡಿನ ಫೋಟೋ ಕಳಿಸಿದ್ದಾರೆ, ಮುಖಕ್ಕೆ ಅರವತ್ತು ಪಿಕ್ಸೆಲ್ಲೂ ಇಲ್ಲ. ಶನಿವಾರ ಊರಿಗೆ ಹೋದಾಗ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.