ಸಿಸ್ಟರ್ ಒಮ್ಮೆ ಕೇಳಿಕೊಳ್ಳಲಿ, ನಾವು ಕಾಯೋಣ

ಔಷಧ ಬರೆಯುವವರು ವೈದ್ಯರು. ಅದನ್ನು ರೋಗಿಗೆ ಕೊಡುವವರು ನರ್ಸ್. ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು? ‘ಡಾಕ್ಟರ್ ಹೇಳಿದ್ದರು, ನಾನು ಕೊಟ್ಟೆ’ ಎಂಬ ಮಾತೇ ರಕ್ಷಣೆ ಎಂದು ಅನೇಕರು ನಂಬಿದ್ದಾರೆ. ಕಾನೂನು ಅಷ್ಟಕ್ಕೇ ತೃಪ್ತಿಪಡುವುದಿಲ್ಲ.

ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣವನ್ನೇ ನೋಡಿ. 1993ರ ಡಿಸೆಂಬರ್‌ನಲ್ಲಿ ಟೈಫಾಯಿಡ್ ಎಂದು ಅಲ್ಲಿಗೆ ಸೇರಿಸಿದ್ದ ಮಗುವಿಗೆ ವೈದ್ಯರು ಬರೆದದ್ದು ಕ್ಲೋರೋಮೈಸಿಟಿನ್. ನರ್ಸ್ ಕೊಟ್ಟದ್ದು ಮಲೇರಿಯಾಕ್ಕೆ ಬಳಸುವ ಲಾರಿಯಾಗೋ ಇಂಜೆಕ್ಷನ್. ಆಕೆ ಹೇಳಿದಂತೆ ಅದನ್ನು ತಂದುಕೊಟ್ಟವರು ಮಗುವಿನ ತಂದೆ. ಮಗುವಿನ ಮೆದುಳಿಗೆ ಎಂದೂ ವಾಸಿಯಾಗದ ಹಾನಿಯಾಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಯಾರನ್ನೂ ಬಿಡಲಿಲ್ಲ. ನರ್ಸ್ ಕರ್ತವ್ಯ ತಪ್ಪಿದ್ದರು. ತಾವೇ ಕೊಡಬೇಕಾಗಿದ್ದ ಇಂಜೆಕ್ಷನ್ನನ್ನು ಆಕೆಗೆ ಬಿಟ್ಟದ್ದು ಡ್ಯೂಟಿ ವೈದ್ಯರ ತಪ್ಪಾಗಿತ್ತು. ಯಾವ ನರ್ಸಿಂಗ್ ಕೌನ್ಸಿಲ್‌ನಲ್ಲೂ ನೋಂದಣಿಯಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡಿದ್ದ ಆಸ್ಪತ್ರೆ ಇಬ್ಬರ ತಪ್ಪಿಗೂ ಹೊಣೆಯಾಯಿತು. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರದ ಆದೇಶವನ್ನು ಕೋರ್ಟ್ ಎತ್ತಿಹಿಡಿಯಿತು.

ಈ ತೀರ್ಪಿನಿಂದ ಒಂದು ಮಾತು ಸ್ಪಷ್ಟ. ವೈದ್ಯರ ಆದೇಶ ನರ್ಸ್‌ನ ಹೊಣೆಯನ್ನು ಅಳಿಸುವುದಿಲ್ಲ. ನರ್ಸ್‌ನ ತಪ್ಪು ವೈದ್ಯರನ್ನಾಗಲಿ ಆಸ್ಪತ್ರೆಯನ್ನಾಗಲಿ ಪಾರು ಮಾಡುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನನ್ನೂ ಗಮನಿಸಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷದವರೆಗೆ ಜೈಲು. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಹಾಗಾದರೆ ಎರಡು ವರ್ಷದವರೆಗೆ. ಈ ರಿಯಾಯಿತಿ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರಿಗೆ ಮಾತ್ರ. ನರ್ಸ್‌ಗಳ ರಿಜಿಸ್ಟರ್ ಬೇರೆ. ಒಂದೇ ಹಾಸಿಗೆಯ ಪಕ್ಕ ನಿಂತು ಕೆಲಸ ಮಾಡುವ ಇಬ್ಬರಲ್ಲಿ ಕಡಿಮೆ ಅಧಿಕಾರ ಇರುವವರಿಗೇ ಹೆಚ್ಚಿನ ಶಿಕ್ಷೆಯ ಭಯ. ಆದರೆ ಧೈರ್ಯಗೆಡಬೇಕಿಲ್ಲ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯಲ್ಲಿ ಆಗುವ ಸಾಮಾನ್ಯ ತಪ್ಪೆಲ್ಲ ಅಪರಾಧವಲ್ಲ, ಅಪರಾಧವಾಗಲು ನಿರ್ಲಕ್ಷ್ಯ ತೀರಾ ಗಂಭೀರವಾಗಿರಬೇಕು ಎಂದಿದೆ.

ಶುಶ್ರೂಷಾ ವೃತ್ತಿಯಲ್ಲಿರುವ ಸೋದರ ಸೋದರಿಯರೇ, ಮೊದಲ ಮನವಿ ನಿಮ್ಮಲ್ಲಿ. ಅನುಮಾನ ಬಂದಲ್ಲಿ ದಯವಿಟ್ಟು ಕೇಳಿ. ಇನ್ಸುಲಿನ್ ವಿಷಯವನ್ನೇ ತೆಗೆದುಕೊಳ್ಳಿ. ಕೇಸ್ ಶೀಟಿನಲ್ಲಿ ‘ಯೂನಿಟ್’ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರವನ್ನಷ್ಟೇ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ; 10 ಯೂನಿಟ್ 100 ಆಗುತ್ತದೆ. ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್‌ನ ಇನ್ಸುಲಿನ್ನೂ ಇದೆ, 100 ಯೂನಿಟ್‌ನದ್ದೂ ಇದೆ. 40ರ ಸಿರಿಂಜಿನಲ್ಲಿ 100ರ ಔಷಧ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ. ಇದನ್ನು ತಡೆಯುವ ಕೊನೆಯ ಕಣ್ಣು ನಿಮ್ಮದೇ.

ಫೋನಿನಲ್ಲಿ ಆದೇಶ ಬಂದರೆ ಮೊದಲು ಬರೆದುಕೊಳ್ಳಿ. ಬರೆದದ್ದನ್ನು ವೈದ್ಯರಿಗೆ ಓದಿ ಹೇಳಿ. ಅವರು ಹೌದೆಂದ ಮೇಲೆ ಕೊಡಿ. ಹೇಳಿದವರ ಹೆಸರು ಮತ್ತು ಸಮಯವನ್ನು ನಮೂದಿಸಿ, ಅವರು ವಾರ್ಡಿಗೆ ಬಂದಾಗ ಸಹಿ ಪಡೆಯಿರಿ. ಉತ್ತರ ಸಮಾಧಾನ ತರದಿದ್ದರೆ ಇನ್‌ಚಾರ್ಜ್ ಸಿಸ್ಟರ್ ಗಮನಕ್ಕೆ ತನ್ನಿ. ನೀವು ವಿಚಾರಿಸಿದ್ದನ್ನೂ ಬಂದ ಉತ್ತರವನ್ನೂ ದಾಖಲಿಸಿ. ತರಬೇತಿ ಇಲ್ಲದ ಕೆಲಸ ಹೇಳಿದರೆ ‘ನನಗೆ ಇದು ಬರುವುದಿಲ್ಲ’ ಎನ್ನಲು ಹಿಂಜರಿಯಬೇಡಿ. ಮುಂದೆ ಯಾರಾದರೂ ಪ್ರಶ್ನಿಸಿದಾಗ ನಿಮ್ಮ ಪರವಾಗಿ ಮಾತನಾಡುವುದು ಆ ದಾಖಲೆಯೇ.

ವೈದ್ಯ ಮಿತ್ರರೇ, ರಾತ್ರಿ ಎರಡು ಗಂಟೆಗೆ ನಿಮ್ಮನ್ನು ಎಬ್ಬಿಸಿ ‘ಡೋಸ್ ಇಷ್ಟೇನಾ ಸರ್?’ ಎಂದು ಕೇಳುವ ನರ್ಸ್ ನಿಮ್ಮ ಅಧಿಕಾರವನ್ನು ಪ್ರಶ್ನಿಸುತ್ತಿಲ್ಲ. ನಿಮ್ಮ ರೋಗಿಯನ್ನೂ ನಿಮ್ಮನ್ನೂ ಕಾಯುತ್ತಿದ್ದಾರೆ. ಒಮ್ಮೆ ಗದರಿದರೆ ಅವರು ಮುಂದಿನ ಸಲ ಕೇಳದೇ ಹೋಗಬಹುದು. ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ಹೇಳಿದೆ. ಅದನ್ನು ಪಾಲಿಸಿದರೆ ಎಷ್ಟೋ ಪ್ರಶ್ನೆಗಳು ಹುಟ್ಟುವುದೇ ಇಲ್ಲ.

ಆಸ್ಪತ್ರೆ ನಡೆಸುವವರೇ, ನೋಂದಣಿ ಇರುವವರನ್ನೇ ನೇಮಿಸಿಕೊಳ್ಳಿ. ವಾರ್ಡಿಗೆ ಸಾಕಷ್ಟು ಜನರನ್ನು ಕೊಡಿ. ತಪ್ಪಾಗುವುದು ಸ್ವಲ್ಪದರಲ್ಲಿ ತಪ್ಪಿತೆಂದು ತಾವಾಗಿ ಹೇಳಿಕೊಂಡವರಿಗೆ ಮೆಮೊ ಕೊಡಬೇಡಿ. ಹೇಳುವವರು ಇದ್ದರಷ್ಟೇ ನಿಮಗೆ ತಿದ್ದಿಕೊಳ್ಳುವ ಅವಕಾಶ.

ಇನ್ನು ರೋಗಿಗಳಾಗಿ, ಅವರ ಮನೆಯವರಾಗಿ ಆಸ್ಪತ್ರೆಗೆ ಹೋಗುವ ನಾವೆಲ್ಲರೂ ಮಾಡಬಹುದಾದದ್ದೂ ಇದೆ. ಇಂಜೆಕ್ಷನ್ ಕೊಡುವ ಮೊದಲು ಸಿಸ್ಟರ್ ಮತ್ತೆ ಹೆಸರು ಕೇಳಿದರೆ ಬೇಸರಿಸದೆ ಹೇಳಿ. ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂಬುದನ್ನು ನೀವಾಗಿಯೇ ತಿಳಿಸಿ. ಮನೆಯಲ್ಲಿ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳಿ. ಮೆಡಿಕಲ್ ಸ್ಟೋರಿನಿಂದ ತಂದದ್ದನ್ನು ಚೀಟಿಯ ಜೊತೆ ಹೋಲಿಸಿ ನೋಡಿ. ‘ಇದು ಏತಕ್ಕೆ ಸಿಸ್ಟರ್?’ ಎಂದು ವಿನಯದಿಂದ ಕೇಳಿ. ಅವರು ‘ಒಂದು ನಿಮಿಷ, ಡಾಕ್ಟರನ್ನು ಕೇಳಿ ಬರುತ್ತೇನೆ’ ಎಂದರೆ ‘ಇಷ್ಟೂ ಗೊತ್ತಿಲ್ಲವೇ?’ ಎನ್ನಬೇಡಿ. ಗೊತ್ತಿರುವವರೇ ಹಾಗೆ ಕೇಳಿಕೊಂಡು ಬರುತ್ತಾರೆ.

ತಪ್ಪು ನಡೆದೇಹೋದರೆ ಕೇಸ್ ಶೀಟಿನ ಪ್ರತಿ ಕೇಳುವ ಹಕ್ಕು ನಿಮಗಿದೆ, ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಆದರೆ ಎದುರಿಗೆ ಸಿಕ್ಕಿದ ನರ್ಸ್ ಒಬ್ಬರ ಮೇಲೆ ಸಿಟ್ಟು ತೀರಿಸಿಕೊಂಡರೆ ಆದೇಶ ಬರೆದವರು, ವಾರ್ಡಿಗೆ ಜನ ಕೊಡದವರು ಯಾರೂ ಲೆಕ್ಕಕ್ಕೇ ಬರುವುದಿಲ್ಲ.

ಹೊಣೆ ಹಂಚಿಹೋಗಿದೆ ಎಂದು ಕಾನೂನು ತಪ್ಪು ನಡೆದ ಮೇಲೆ ಹೇಳುತ್ತದೆ. ಅದಕ್ಕೂ ಮೊದಲೇ ನಾವು ಅದನ್ನು ಹಂಚಿಕೊಳ್ಳಬಹುದು. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ನರ್ಸ್ ಒಬ್ಬರಿದ್ದರೆ ಈ ವಾರ ಅವರನ್ನು ಮಾತನಾಡಿಸಿ. ಅನುಮಾನ ಬಂದಾಗ ಕೇಳುವ ಅವಕಾಶ ಅವರ ಆಸ್ಪತ್ರೆಯಲ್ಲಿ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಆಸ್ಪತ್ರೆಯ ಆಡಳಿತಕ್ಕೆ ನಾಲ್ಕು ಸಾಲು ಬರೆಯಿರಿ. ರೋಗಿಗಳ ಕಡೆಯಿಂದ ಬಂದ ಪತ್ರಕ್ಕೆ ತೂಕವಿದೆ.