ವಿಡಿಯೋಗೂ ಒಂದು ಲೇಬಲ್ ಇರಲಿ

ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬೇಸಿಗೆಯಲ್ಲಿ ಇನ್ಸುಲಿನ್ ಇಡುವ ಕ್ರಮದ ಬಗ್ಗೆ ಬರೆದಿದ್ದೆವು. ಈ ಸಲ ಔಷಧಿಯಿಂದ ಸ್ವಲ್ಪ ಆಚೆ ಹೋಗಿ, ಕೊನೆಗೆ ನಮ್ಮ ಕೌಂಟರಿಗೇ ಮರಳುತ್ತೇವೆ.

ಹಿಂದೆ ಇಲ್ಲಿ ಒಂದೇ ರೂಮಿನಲ್ಲಿ ನಾವು ನಾಲ್ವರಿದ್ದೆವು. ಮೂವರು ಒಬ್ಬೊಬ್ಬರಾಗಿ ಆಸ್ಟ್ರೇಲಿಯಾ ಸೇರಿದರು. ಕುಂದಾಪುರದವನು ಪರ್ತ್‌ನಲ್ಲಿ, ಬಂಟ್ವಾಳದವನು ಬ್ರಿಸ್ಬೇನ್‌ನಲ್ಲಿ, ಹುಬ್ಬಳ್ಳಿಯವನು ಅಡಿಲೇಡ್‌ನಲ್ಲಿ. ಇಲ್ಲಿ ಉಳಿದವರು ನಾವೊಬ್ಬರೇ. ರಜಾ ದಿನ ಫೋನಿನಲ್ಲಿ ಸೇರುತ್ತೇವೆ. ದುಬೈಯಲ್ಲಿ ಸಂಜೆ ನಾಲ್ಕಾದರೆ ಪರ್ತ್‌ನಲ್ಲಿ ರಾತ್ರಿ ಎಂಟು, ಬ್ರಿಸ್ಬೇನ್‌ನಲ್ಲಿ ಹತ್ತು. ಊಟ, ಮಳೆ, ಮಕ್ಕಳ ಶಾಲೆಯ ಮಾತು ಮುಗಿದ ಮೇಲೆ ಮೂವರೂ ಒಂದೊಂದು ಸಣ್ಣ ವಿಡಿಯೋ ಕಳಿಸುತ್ತಾರೆ. ಹಾಡಿನದಲ್ಲ, ಮೆಷಿನ್‌ಗಳದು.

ಪರ್ತ್‌ನವನು ಮೊದಲು ಕಳಿಸಿದ್ದು ಚಾಲಕನಿಲ್ಲದ ಅದಿರು ರೈಲಿನದು. ದುಬೈ ಮೆಟ್ರೋ 2009ರಿಂದ ಹಾಗೇ ಓಡುವುದನ್ನು ಕಂಡ ನಮಗೆ ಅದರಲ್ಲೇನು ವಿಶೇಷ ಅನ್ನಿಸಿತ್ತು. ಆದರೆ 2018ರ ಜುಲೈಯಲ್ಲಿ ರಿಯೋ ಟಿಂಟೋದ ಆ ರೈಲು ಸುಮಾರು 28,000 ಟನ್ ಅದಿರು ಹೊತ್ತು, ಟಾಮ್ ಪ್ರೈಸ್‌ನಿಂದ ಕೇಪ್ ಲ್ಯಾಂಬರ್ಟ್ ಬಂದರಿಗೆ 280 ಕಿಲೋಮೀಟರ್ ಒಬ್ಬ ಚಾಲಕನೂ ಇಲ್ಲದೆ ಓಡಿತ್ತು. ಅದನ್ನು ನೋಡಿಕೊಂಡವರು ಕುಳಿತಿದ್ದು 1,500 ಕಿಲೋಮೀಟರ್ ಆಚೆ, ಪರ್ತ್‌ನಲ್ಲಿ. ಸೇರಿದ ಹೊಸತರಲ್ಲಿ ಅಲ್ಲಿನವರ ಇಂಗ್ಲಿಷ್ ಇವನ ಕಿವಿಗೆ ಹತ್ತುತ್ತಿರಲಿಲ್ಲ. ರಾತ್ರಿ ಸೆನ್ಸರ್, ವಾಲ್ವ್‌ಗಳ ವಿಡಿಯೋ ಹಾಕಿ, ವೇಗ ಕಡಿಮೆ ಮಾಡಿ, ಕೆಳಗಿನ ಅಕ್ಷರ ಓದಿಕೊಳ್ಳುತ್ತಿದ್ದ. ಬೆಳಿಗ್ಗೆ ಸೈಟಿನಲ್ಲಿ ವಸ್ತುವಿನ ಹೆಸರಾದರೂ ಗೊತ್ತಿರುತ್ತಿತ್ತು. ಹೆಸರು ಗೊತ್ತಿದ್ದರೆ ಪ್ರಶ್ನೆ ಕೇಳಲು ಧೈರ್ಯ ಬರುತ್ತದೆ, ಅಷ್ಟೇ ಲಾಭ ಎನ್ನುತ್ತಾನೆ.

ಬ್ರಿಸ್ಬೇನ್‌ನವನು ಎಲೆಕ್ಟ್ರಿಕ್ ಕಾರುಗಳ ಚಾರ್ಜರ್ ಬಗ್ಗೆ ಕಲಿಯುತ್ತಿದ್ದಾನೆ. ಆ ಊರಲ್ಲೇ ಹುಟ್ಟಿದ ಟ್ರಿಟಿಯಂ ಕಂಪನಿಯನ್ನು 2024ರಲ್ಲಿ ನಮ್ಮ ಭಾರತದ ಎಕ್ಸಿಕಾಮ್ ಕೊಂಡುಕೊಂಡಿತು. ಅಡಿಲೇಡ್‌ನವನು ಜೇಮ್ಸ್‌ಟೌನ್ ಬಳಿಯ ಹಾರ್ನ್ಸ್‌ಡೇಲ್ ಬ್ಯಾಟರಿಯ ವಿಡಿಯೋ ಕಳಿಸಿದ. ಅದರಲ್ಲಿ ಹೇಳಿದ್ದು 100 ಮೆಗಾವ್ಯಾಟ್. ಅದು 2017ರ ಮಾತು. 2020ರಲ್ಲೇ ಅದು 150 ಆಗಿದೆ. ಮಾಲೀಕ ಬದಲಾಗುತ್ತಾನೆ, ಅಂಕಿ ಬದಲಾಗುತ್ತದೆ, ವಿಡಿಯೋ ಮಾತ್ರ ಹಾಗೇ ಓಡುತ್ತಿರುತ್ತದೆ.

ಈ ಪಾಠ ನಾವು ಕಲಿತದ್ದು ನಮ್ಮ ತಲೆಗೇ ಪೆಟ್ಟು ಬಿದ್ದ ಮೇಲೆ. ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಗುಳಿಗೆ ಪ್ಯಾಕ್ ಮಾಡುವ ಮೆಷಿನ್ ಬಂದಿತ್ತು. ಒಂದು ಸಂಜೆ ಗುಳಿಗೆ ಸಿಕ್ಕಿಹಾಕಿಕೊಂಡಿತು. ಸರ್ವಿಸ್‌ನವರನ್ನು ಕಾಯುವ ತಾಳ್ಮೆ ಇಲ್ಲದೆ ನಲವತ್ತು ಸೆಕೆಂಡಿನ ವಿಡಿಯೋ ನೋಡಿ ಒಂದು ಮುಚ್ಚಳ ತೆಗೆದೆವು. ವಿಡಿಯೋದಲ್ಲಿದ್ದದ್ದು ಹಳೆಯ ಮಾಡೆಲ್. ಮೆಷಿನ್ ಪೂರ್ತಿ ನಿಂತಿತು. ರಾತ್ರಿ ಹನ್ನೊಂದರವರೆಗೆ ವಾರ್ಡಿನ ಔಷಧಿಯನ್ನೆಲ್ಲ ಕೈಯಲ್ಲೇ ಎಣಿಸಿ ಕಟ್ಟಿದೆವು. ತಡವಾದ ಒಂದೊಂದು ಡೋಸಿಗೂ ನರ್ಸ್ ಫೋನ್ ಮಾಡುತ್ತಿದ್ದರು. ತಪ್ಪು ಮೆಷಿನ್‌ನದಲ್ಲ, ವಿಡಿಯೋದ್ದೂ ಅಲ್ಲ, ನಮ್ಮದೇ.

ನಮ್ಮ ಕೌಂಟರಿನಲ್ಲಿ ಔಷಧಿ ಕೊಡುವ ಮೊದಲು ನಾಲ್ಕು ನೋಡುತ್ತೇವೆ: ಹೆಸರು, ಶಕ್ತಿ, ತಯಾರಕ, ಅವಧಿ. ವಿಡಿಯೋಗೂ ಅದೇ ಮಾಡಿ.

ಹೆಸರು ಅಂದರೆ ಮಾಡೆಲ್ ನಂಬರ್. ನಿಮ್ಮ ಮುಂದಿರುವ ಮೆಷಿನ್‌ನ ಪ್ಲೇಟಿನಲ್ಲಿರುವುದು ಮತ್ತು ವಿಡಿಯೋದಲ್ಲಿರುವುದು ಅಕ್ಷರ ಅಕ್ಷರ ಹೊಂದಬೇಕು.

ಶಕ್ತಿ ಅಂದರೆ ವೋಲ್ಟೇಜ್ ಮತ್ತು ಹರ್ಟ್ಜ್. ಭಾರತ, ಎಮಿರೇಟ್ಸ್, ಆಸ್ಟ್ರೇಲಿಯಾ 50 ಹರ್ಟ್ಜ್, ಸೌದಿ 60. ನಾಲ್ಕು ಪೋಲ್ ಮೋಟರಿನ ಸಿಂಕ್ರೊನಸ್ ವೇಗ ಒಂದು ಕಡೆ ನಿಮಿಷಕ್ಕೆ 1,500 ಸುತ್ತು, ಇನ್ನೊಂದು ಕಡೆ 1,800.

ತಯಾರಕ ಅಂದರೆ ವಿಡಿಯೋ ಹಾಕಿದವರು ಯಾರು, ಯಾವ ದೇಶದವರು. ಕಂಪನಿಯದೇ ಚಾನೆಲ್ಲೋ, ಮಾರುವವನದೋ, ಲೈಕ್‌ಗಾಗಿ ಮಾಡಿದ್ದೋ? ಇಲ್ಲಿ ಜೀವದ ಪ್ರಶ್ನೆಯೂ ಇದೆ. ಅಮೆರಿಕದ ಮನೆ ವೈರಿಂಗಿನಲ್ಲಿ ಕಪ್ಪು ತಂತಿ ಲೈವ್. ಊರಿನ ನಮ್ಮ ಹಳೆಯ ವೈರಿಂಗಿನಲ್ಲೂ ಆಸ್ಟ್ರೇಲಿಯಾದ ಗೋಡೆಯೊಳಗೂ ಕಪ್ಪು ನ್ಯೂಟ್ರಲ್. ಯುರೋಪಿನ ತ್ರೀ ಫೇಸಿನಲ್ಲಿ ಕಪ್ಪು ಮತ್ತೆ ಒಂದು ಫೇಸ್. ಒಂದೇ ಬಣ್ಣ, ಮೂರು ಅರ್ಥ. ಮುಟ್ಟುವ ಮೊದಲು ಟೆಸ್ಟರ್ ಹಿಡಿಯಿರಿ, ವಿಡಿಯೋ ಅಲ್ಲ.

ಅವಧಿ ಅಂದರೆ ಹಾಕಿದ ತಾರೀಕು. ವಿಡಿಯೋದ ಕೆಳಗೇ ಇರುತ್ತದೆ, ನಾವು ನೋಡುವುದಿಲ್ಲ.

ಯೂಟ್ಯೂಬ್ ಶಾರ್ಟ್ಸ್ ಅನ್ನು 2020ರಲ್ಲಿ ಮೊದಲು ಬಿಟ್ಟದ್ದೇ ಭಾರತದಲ್ಲಿ. ಬಸ್ಸಿನಲ್ಲಿ, ಕ್ಯಾಂಪಿನ ಬೆಡ್ಡಿನಲ್ಲಿ ಅದನ್ನು ನೋಡುವ ನಮ್ಮ ಹುಡುಗರನ್ನು ನಾವು ಬಯ್ಯುವುದಿಲ್ಲ. ದಿನಕ್ಕೆ ಒಂದು ಮೆಷಿನ್ ಪರಿಚಯವಾದರೂ ವರ್ಷಕ್ಕೆ ಮುನ್ನೂರಾಯಿತು. ಆದರೆ ಪರಿಚಯ ಬೇರೆ, ಅಧಿಕಾರ ಬೇರೆ. ಆಸ್ಟ್ರೇಲಿಯಾಕ್ಕೆ ಹೋಗಬೇಕೆನ್ನುವ ಎಲೆಕ್ಟ್ರಿಷಿಯನ್‌ಗಳು ಇದನ್ನು ಮೊದಲೇ ತಿಳಿದಿರಲಿ. ಅಲ್ಲಿ ಕೌಶಲ ಪರೀಕ್ಷೆ ಇದೆ, ಸ್ಥಳೀಯ ತರಬೇತಿ ಇದೆ, ಆಯಾ ರಾಜ್ಯದ ಲೈಸೆನ್ಸ್ ಇದೆ. ಅಡಿಲೇಡ್‌ನ ನಮ್ಮವನು ಇಲ್ಲಿ ಹನ್ನೆರಡು ವರ್ಷ ಪ್ಯಾನೆಲ್ ಕಟ್ಟಿದವನು. ಆದರೂ ಪೂರ್ಣ ಲೈಸೆನ್ಸ್ ಬರುವವರೆಗೆ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಿದ. ಇಲ್ಲಿನ ಕೆಲಸದ ಪತ್ರ, ಸಂಬಳದ ಚೀಟಿ ಎಲ್ಲ ಜೋಪಾನವಾಗಿ ಇಟ್ಟಿದ್ದರಿಂದ ದಾರಿ ಸುಲಭವಾಯಿತು ಎಂದು ಈಗಲೂ ಹೇಳುತ್ತಾನೆ.

ಹಾಗಾಗಿ ನೋಡಿ, ಕಲಿಯಿರಿ, ಬರೆದಿಟ್ಟುಕೊಳ್ಳಿ. ಮಾರನೇ ದಿನ ಸೈಟಿನ ಹಿರಿಯನ ಹತ್ತಿರ ಹೋಗಿ “ಇದು ನಮ್ಮ ಮೆಷಿನ್‌ಗೆ ಸರಿಯೇ?” ಎಂದು ಕೇಳಿ. ಆ ಸಂಜೆ ನಾವು ಕೇಳಬೇಕಾಗಿದ್ದದ್ದೂ ಅದೇ ಪ್ರಶ್ನೆ.